ಅಂಗಳಕ್ಕೆ ಹೋದ ಶಾಲೆ

ನಮ್ಮ ಓಣಿಯ ಹಿರಿಯ ಹೆಂಗಸರು ಯಾರೂ ‘ಅಂಗನವಾಡಿ’ ಎನ್ನುವುದಿಲ್ಲ, ‘ಅಂಗಳವಾಡಿ’ ಎನ್ನುತ್ತಾರೆ. ಓದಿದ ಸೊಸೆಯಂದಿರು ತಿದ್ದಲು ಹೋಗುತ್ತಾರೆ. ಈ ಒಂದು ವಿಷಯದಲ್ಲಿ ನಾನು ಅತ್ತೆಯಂದಿರ ಪಕ್ಷ. ಮರಾಠಿಯ ‘ಅಂಗಣ’ವಾಗಲಿ ಹಿಂದಿಯ ‘ಆಂಗನ್’ ಆಗಲಿ ನಮ್ಮ ಅಂಗಳವೇ. ಆದರೆ ನಾವು ಕಂಡಿರುವ ಅಂಗನವಾಡಿಗೆ ಅಂಗಳವೆಲ್ಲಿದೆ? ಒಂದು ಕೋಣೆ, ಅದಕ್ಕೊಂದು ಬೀಗ, ಗೋಡೆಯ ಮೇಲೆ ಹಣ್ಣು ತರಕಾರಿಗಳ ಚಿತ್ರ, ಮೂಲೆಯಲ್ಲಿ ತೂಕದ ಯಂತ್ರ, ಒಲೆಯ ಮೇಲೆ ಅನ್ನ. ಇದಕ್ಕೆ ಅಂಗಳದ ಹೆಸರನ್ನು ಇಟ್ಟವರು ಯಾರು, ಯಾಕೆ ಇಟ್ಟರು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ತವರು ಬೆಳಗಾವಿಯ ಕಡೆಯಾದ್ದರಿಂದ ಮರಾಠಿ ಓದು ನನಗೆ ಬಳುವಳಿಯಾಗಿ ಬಂದದ್ದು. ಹುಡುಕುತ್ತ ಹೋದಾಗ ಈ ಪುಟ್ಟ ಪದದ ಹಿಂದೆ ರೋಮ್ ನಗರದಿಂದ ಹಿಡಿದು ಡಹಾಣೂ ತಾಲ್ಲೂಕಿನ ಗುಡ್ಡದವರೆಗೆ ಒಂದು ದೊಡ್ಡ ಕತೆಯೇ ಇದೆಯೆಂದು ತಿಳಿಯಿತು.

1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡಜನರ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸರಿ ಎಂಬ ಡಾಕ್ಟರಮ್ಮ ‘ಮಕ್ಕಳ ಮನೆ’ಯನ್ನು ತೆರೆದಳು. ಅದು ಹುಟ್ಟಿದ ಕಾರಣ ಕೇಳಿದರೆ ನಗು ಬರುತ್ತದೆ. ಹೊಸದಾಗಿ ದುರಸ್ತಿ ಮಾಡಿದ ವಠಾರದ ಮನೆಗಳಲ್ಲಿ ತಂದೆತಾಯಿ ಕೂಲಿಗೆ ಹೋದಮೇಲೆ ಮಕ್ಕಳು ಗೋಡೆ ಮೆಟ್ಟಿಲುಗಳನ್ನು ಹಾಳುಮಾಡುತ್ತಾರೆಂಬ ಚಿಂತೆ ಮಾಲೀಕರಿಗೆ. ಆ ತಂಟೆಕೋರರನ್ನು ಒಂದು ಕಡೆ ಕೂಡಿಹಾಕಲು ಅವರಿಗೆ ಯಾರಾದರೂ ಬೇಕಾಗಿದ್ದರು. ಕೂಡಿಹಾಕಲು ಕರೆದವಳು ಮಕ್ಕಳನ್ನು ಬಿಡುಗಡೆ ಮಾಡಿಬಿಟ್ಟಳು! ಪುಟ್ಟ ಕುರ್ಚಿ, ಪುಟ್ಟ ಮೇಜು, ಒಂದರೊಳಗೊಂದು ಕೂರುವ ಮರದ ಕೊಂತಗಳು, ಒಂದರ ಮೇಲೊಂದು ಪೇರಿಸುವ ಘನಗಳು, ಗುಂಡಿ ಹಾಕುವುದನ್ನು ಕಲಿಸುವ ಬಟ್ಟೆಯ ಚೌಕಟ್ಟುಗಳು, ಇವುಗಳ ನಡುವೆ ಮಗು ತನ್ನಷ್ಟಕ್ಕೆ ತಾನು ಕಲಿಯುತ್ತದೆ ಎಂದು ತೋರಿಸಿದಳು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ದೇಶದೇಶಗಳಿಗೆ ಹರಡಿತು. ಅದು ಕೆಲಸ ಮಾಡುತ್ತದೆ ಎಂದು ಬಹಳ ಮಂದಿ ನಂಬಿದರು. ಆದರೆ ಆ ಸಾಮಗ್ರಿ, ಆ ತರಬೇತಿ ಹೇಗಿವೆಯೋ ಹಾಗೆಯೇ ಇರಬೇಕು, ಯಾರೂ ಕೈಯಾಡಿಸಕೂಡದು ಎಂಬ ಹಟ ಆಕೆಗಿತ್ತು. ಸ್ವತಃ ಕಟ್ಟಿದವರಿಗೆ ಆ ಹಟ ಇರುವುದು ಸಹಜವೇ.

ಅದಕ್ಕೆ ಮೊದಲು ಕೈಯಾಡಿಸಿದ ನಮ್ಮವರು ಗುಜರಾತಿನ ಗಿಜುಭಾಯಿ ಬಧೇಕಾ. ವೃತ್ತಿಯಿಂದ ವಕೀಲರು. 1913ರಲ್ಲಿ ಮಗ ಹುಟ್ಟಿದಾಗ ಇವನನ್ನು ಹೇಗೆ ಬೆಳೆಸಲಿ ಎಂದು ಪುಸ್ತಕ ಹುಡುಕಲು ಹೊರಟವರು ಮಾಂಟೆಸ್ಸರಿಯ ಬರಹಗಳಿಗೆ ಬಂದು ಮುಟ್ಟಿದರು, ವಕೀಲಿ ಬಿಟ್ಟರು, 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ಆರಂಭಿಸಿದರು. ಮಗು ಹುಟ್ಟಿದ ಮೇಲೆ ಪುಸ್ತಕ ಓದುವ ತಂದೆ ಈಗಲೂ ಅಪರೂಪ. ಆಗಿನ ಕಾಲಕ್ಕೆ ಕೇಳಬೇಕೇ? ಜನ ಅವರನ್ನು ‘ಮೀಸೆಯ ತಾಯಿ’ ಎಂದು ಪ್ರೀತಿಯಿಂದ ಕರೆದರು. ಸಣ್ಣ ಮಕ್ಕಳಿಗೆ ಅದ್ಭುತ ಕತೆಗಳು ಬೇಡ, ಮೊದಲು ಕಣ್ಣೆದುರಿನ ನಿಜವಾದ ಜಗತ್ತನ್ನು ಅವು ಅರಿಯಲಿ ಎಂಬುದು ಮಾಂಟೆಸ್ಸರಿಯ ನಿಲುವು. ಗಿಜುಭಾಯಿಯವರು ಉಳಿದುದನ್ನೆಲ್ಲ ಒಪ್ಪಿದರು, ಇದನ್ನು ಮಾತ್ರ ಒಪ್ಪಲಿಲ್ಲ. ಅಜ್ಜಿಯ ತೊಡೆಯ ಮೇಲೆ ರಾಜಕುಮಾರನ ಕತೆ, ಕಾಗೆ ಗುಬ್ಬಿಗಳ ಕತೆ ಕೇಳಿ ಬೆಳೆಯುವ ಮಕ್ಕಳ ದೇಶ ನಮ್ಮದು. ಇಲ್ಲಿ ಕತೆಯನ್ನು ಶಾಲೆಯ ಬಾಗಿಲ ಹೊರಗೆ ನಿಲ್ಲಿಸಿದರೆ ಮಗುವೂ ಹೊರಗೇ ನಿಲ್ಲುತ್ತದೆ. ಅವರು ಜನಪದ ಕತೆಗಳನ್ನು ಒಟ್ಟುಮಾಡಿದರು, ಮಕ್ಕಳಿಂದ ನಾಟಕ ಆಡಿಸಿದರು. ನನ್ನ ಬಿ.ಎಡ್. ತರಗತಿಯಲ್ಲಿ ಮಾಂಟೆಸ್ಸರಿಯ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆಸಿದ್ದರು. ಗಿಜುಭಾಯಿಯವರಿಗೆ ಒಂದು ಸಾಲು ಸಿಕ್ಕಿತ್ತು.

1923ರಲ್ಲಿ ಭಾವನಗರಕ್ಕೆ ಒಬ್ಬ ಹೆಂಗಸು ಬಂದಳು, ಜೊತೆಗೆ ಎಳೆಯ ಮಗಳು. ತಾರಾಬಾಯಿ ಮೋಡಕ್ ಎಂದು ಹೆಸರು. 1914ರಲ್ಲೇ ಬಿ.ಎ. ಮುಗಿಸಿದವರು, ರಾಜಕೋಟೆಯ ಹೆಣ್ಣುಮಕ್ಕಳ ತರಬೇತಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು, ಮದುವೆ ಮುರಿದುಕೊಂಡು ತಮ್ಮ ಕಾಲ ಮೇಲೆ ನಿಂತವರು. ಆ ಕಾಲದಲ್ಲಿ ಇಷ್ಟು ಸಾಲುಗಳ ಹಿಂದೆ ಎಷ್ಟು ಅಳು ಇದ್ದೀತೆಂದು ನಮಗೆ, ಹೆಂಗಸರಿಗೆ, ಬಿಡಿಸಿ ಹೇಳಬೇಕಾಗಿಲ್ಲ. ಗಿಜುಭಾಯಿಯವರ ಜೊತೆ ದುಡಿದು, 1926ರಲ್ಲಿ ಹುಟ್ಟಿದ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿ ಬೆಳೆಸಿದರು. ಆದರೆ ನಡೆಯುತ್ತಿದ್ದುದೆಲ್ಲ ಪೇಟೆಯ ಉಳ್ಳವರ ಮಕ್ಕಳಿಗೆ. ಹಳ್ಳಿಯ ಮಗು ಈ ಪುಟ್ಟ ಕುರ್ಚಿಯಲ್ಲಿ ಎಂದು ಕುಳಿತೀತು? 1945ರಲ್ಲಿ, ಮುಂಬಯಿಗೆ ಉತ್ತರದ ಕಡಲತೀರದ ಬೋರ್ಡಿ ಎಂಬ ಊರಿಗೆ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಆಗ ಅವರಿಗೆ ಐವತ್ತಮೂರು ವರ್ಷ. ಆ ವಯಸ್ಸಿನಲ್ಲಿ ನಾವು ಪಿಂಚಣಿಯ ಲೆಕ್ಕ ಹಾಕುತ್ತ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಇರುತ್ತೇವೆ. ಅವರ ಜೊತೆಗೆ ಬಂದವರು ಅನುತಾಯಿ ವಾಘ್. ಹದಿಮೂರಕ್ಕೆ ಮದುವೆಯಾಗಿ ಆರು ತಿಂಗಳು ಕಳೆಯುವುದರೊಳಗೆ ವಿಧವೆಯಾಗಿ, ಆಮೇಲೆ ಓದಿ, ಪುಣೆಯಲ್ಲಿ ಶಿಕ್ಷಕಿಯಾಗಿದ್ದವರು. ಕೈಯಲ್ಲಿದ್ದ ನೌಕರಿ ಬಿಟ್ಟು ಬಂದರು. ಅವರಿಗಾಗ ಮೂವತ್ತೈದು.

ಬೋರ್ಡಿಯಲ್ಲಿ ಬಾಲವಾಡಿ ತೆರೆದದ್ದಾಯಿತು. ಸಾಮಗ್ರಿಯ ಸಮಸ್ಯೆ ಮೊದಲ ವಾರವೇ ಎದುರಾಯಿತೆನ್ನಿ. ವಿದೇಶೀ ಮಾದರಿಯ ಮರದ ಕೊಂತಗಳ ಬೆಲೆ ಹಳ್ಳಿಗೆ ನಿಲುಕುವಂತಿರಲಿಲ್ಲ. ಕಡಲತೀರದಲ್ಲಿ ಕಪ್ಪೆಚಿಪ್ಪು ಬಿದ್ದಿರುತ್ತವೆ, ಮರದ ಕೆಳಗೆ ಬೀಜ, ಎಲೆ, ಕಾಯಿ. ಬಿದಿರು ಇದೆ, ಮಣ್ಣು ಇದೆ. ಸಣ್ಣದು ದೊಡ್ಡದು, ನುಣುಪು ಒರಟು, ಹಗುರ ಭಾರ ಇವನ್ನು ಕಲಿಸಲು ಇಟಲಿಯ ಮರವೇ ಆಗಬೇಕೆಂದಿಲ್ಲ. ಗುಂಡಿ ಹಾಕುವ ಚೌಕಟ್ಟಿನ ಮಾತು ಬಂದಾಗಲೆಲ್ಲ ನನಗೆ ಅನ್ನಿಸುವುದುಂಟು: ಸೊಂಟಕ್ಕೊಂದು ತುಂಡು ಬಟ್ಟೆ ಬಿಟ್ಟರೆ ಬೇರೇನೂ ಇಲ್ಲದ ಮಗುವಿಗೆ ಗುಂಡಿಯ ಪಾಠವೆಂದರೆ ಅದೆಂಥ ಅಣಕ! ಅಂಥ ಮಗುವಿಗೆ ಬೇಕಾಗಿದ್ದುದು ಸ್ನಾನ. ಆದ್ದರಿಂದ ಇವರ ಬಾಲವಾಡಿಯ ಮೊದಲ ಪಾಠ ಬಾವಿಕಟ್ಟೆಯ ಹತ್ತಿರ ನಡೆಯುತ್ತಿತ್ತು. ಮೈ ತೊಳೆಯುವುದು, ಉಗುರು ಕತ್ತರಿಸುವುದು, ತಲೆ ಬಾಚುವುದು, ಅಕ್ಷರ ಆಮೇಲೆ.

ಆದರೂ ಆಗ ‘ಹರಿಜನ’ ಎಂದು ಕರೆಯುತ್ತಿದ್ದ ದಲಿತ ಕೇರಿಯ ಮಕ್ಕಳು ಊರೊಳಗಿನ ಬಾಲವಾಡಿಗೆ ಬರಲಿಲ್ಲ. ಹೇಗೆ ಬಂದಾರು? ನೂರಾರು ವರ್ಷ ‘ಅತ್ತ ಹೋಗಬೇಡ’ ಎಂದು ಕೇಳಿ ಬೆಳೆದ ಕಾಲುಗಳು ‘ಬಾ’ ಎಂದ ಒಂದೇ ದಿನಕ್ಕೆ ಹೆಜ್ಜೆಯಿಡುವುದಿಲ್ಲ. ತಾಯಂದಿರಿಗೆ ಬೆಳಗಾದರೆ ಕೂಲಿ. ಕೈಹಿಡಿದು ಕರೆತರುವವರು ಯಾರೂ ಇಲ್ಲ. ಇಂಥಲ್ಲಿ ನಮ್ಮಂಥ ಶಿಕ್ಷಕಿಯರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: ‘ಆ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ’. ತಾರಾಬಾಯಿ ಆ ಮಾತು ಹೇಳಲಿಲ್ಲ. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆ ಮಗುವಿನ ಹತ್ತಿರ ಹೋಗಬೇಕು ಎಂದರು. ಸಾಮಗ್ರಿಯನ್ನು ಹೊತ್ತುಕೊಂಡು ಕೇರಿಗೆ ನಡೆದರು. ಅಲ್ಲೊಂದು ಅಂಗಳವಿತ್ತು. ಅದೇ ಶಾಲೆಯಾಯಿತು. ಊರೊಳಗಿನ ಬಾಲವಾಡಿಯಿಂದ ಬೇರೆ ಮಾಡಿ ಹೇಳಲು ಇದಕ್ಕೊಂದು ಹೆಸರು ಬೇಕಾಯಿತು. ಅಂಗಳದಲ್ಲಿ ನಡೆಯುವ ವಾಡಿ. ನಮ್ಮ ಓಣಿಯ ಅತ್ತೆಯಂದಿರ ಬಾಯಲ್ಲಿ ಸರಿಯಾಗಿಯೇ ಉಳಿದಿರುವ ಹೆಸರು ಹುಟ್ಟಿದ್ದು ಹೀಗೆ.

ಅಂಗಳದಲ್ಲಿ ಶಾಲೆ ನಡೆದರೆ ಇನ್ನೊಂದು ಲಾಭವಿದೆ. ತಾಯಿ ಒಲೆಯ ಮುಂದಿನಿಂದಲೇ ನೋಡುತ್ತಾಳೆ. ಅಜ್ಜಿ ಬಾಗಿಲಲ್ಲಿ ಕುಳಿತು ಕೇಳುತ್ತಾಳೆ, ಹಾಡು ತಪ್ಪಾದರೆ ತಿದ್ದುತ್ತಾಳೆ. ನಾಲ್ಕು ಗೋಡೆಯೊಳಗೆ ನಾನು ಏನು ಕಲಿಸುತ್ತೇನೆಂದು ನನ್ನ ಶಾಲೆಯ ಮಕ್ಕಳ ತಾಯಂದಿರಲ್ಲಿ ಎಷ್ಟು ಮಂದಿ ಕಂಡಿದ್ದಾರು? ಆದರೆ ಇದರಲ್ಲಿ ಒಂದು ಮುಳ್ಳೂ ಇದೆ, ಅದನ್ನು ಮುಚ್ಚಿಡಬಾರದು. ಕೇರಿಯ ಮಕ್ಕಳಿಗೆ ಕೇರಿಯಲ್ಲೇ ಶಾಲೆ ಎಂದಮೇಲೆ ಊರು ಊರಾಗಿಯೇ, ಕೇರಿ ಕೇರಿಯಾಗಿಯೇ ಉಳಿಯುವುದಿಲ್ಲವೇ? ‘ಅವರ ಪದ್ಧತಿಗೆ ತಕ್ಕಂತೆ’ ಎಂಬ ಒಳ್ಳೆಯ ಮಾತಿನ ನೆರಳಲ್ಲಿ ಎಷ್ಟೋ ಅನ್ಯಾಯ ಸುಖವಾಗಿ ನಿದ್ದೆ ಮಾಡಬಲ್ಲುದು. ನನಗನ್ನಿಸುವಂತೆ, ಅಂಗಳ ಮಗುವಿನ ಹೆದರಿಕೆ ಬಿಡಿಸುವ ಮೊದಲ ಮೆಟ್ಟಿಲಾದರೆ ಸರಿ. ಅಲ್ಲೇ ಕೂರಿಸಿಬಿಟ್ಟರೆ ತಪ್ಪು.

ಐವತ್ತರ ದಶಕದ ಕೊನೆಯ ಹೊತ್ತಿಗೆ ಇಬ್ಬರೂ ಬೋರ್ಡಿಯಿಂದ ಒಳಗೆ, ಕೋಸಬಾಡದ ಗುಡ್ಡಕ್ಕೆ ಹೋದರು. ತಾರಾಬಾಯಿಯವರಿಗೆ ಅರವತ್ತು ದಾಟಿತ್ತು. ಆಗಿನ ಥಾಣೆ ಜಿಲ್ಲೆ, 2014ರಿಂದ ಪಾಲಘರ ಜಿಲ್ಲೆ. ಸುತ್ತ ವಾರ್ಲಿ ಆದಿವಾಸಿಗಳ ಗುಡಿಸಲುಗಳು. ಇವತ್ತು ನಮ್ಮ ಸೀರೆಯ ಸೆರಗಿನ ಮೇಲೆ, ಪರದೆಯ ಮೇಲೆ, ಹೂಜಿಯ ಮೇಲೆ ಬಿಳಿ ಗೆರೆಯ ಮನುಷ್ಯರಾಗಿ ಕುಣಿಯುತ್ತಿರುವ ಚಿತ್ರಗಳು ಆ ಜನದವು. ಸೆರಗಿನ ಮೇಲೆ ಕುಣಿಯುವ ಆ ಮನುಷ್ಯರ ನಿಜವಾದ ಬದುಕು ಬೇರೆಯೇ ಇತ್ತು. ಮದುವೆಗೆಂದು ಜಮೀನುದಾರನಲ್ಲಿ ಸಾಲ ಮಾಡಿದವನು ಹೆಂಡತಿ ಸಹಿತ ಜೀವಮಾನವಿಡೀ ಜೀತ ಮಾಡಬೇಕಾಗಿತ್ತು. ತಾರಾಬಾಯಿ ಬೋರ್ಡಿಗೆ ಬಂದ 1945ರಲ್ಲೇ, ಅದೇ ಸೀಮೆಯಲ್ಲಿ ಗೋದಾವರಿ ಪರುಳೇಕರ್ ಅವರ ಮುಂದಾಳುತನದಲ್ಲಿ ವಾರ್ಲಿಗಳು ಬಿಟ್ಟಿ ಕೆಲಸದ ವಿರುದ್ಧ ಎದ್ದು ನಿಂತಿದ್ದರು. ಇಂಥ ಜನಕ್ಕೆ ಬಿಳಿ ಸೀರೆಯುಟ್ಟ ಪೇಟೆಯ ಹೆಂಗಸು ‘ಮಕ್ಕಳನ್ನು ಕಳಿಸಿ’ ಎಂದರೆ ಏನೆನ್ನಿಸೀತು? ಬಿಳಿ ಬಟ್ಟೆಯವರು ಬಂದದ್ದೆಲ್ಲ ಏನನ್ನಾದರೂ ಒಯ್ಯುವುದಕ್ಕೇ.

ಕಳಿಸುವ ಮನಸ್ಸಿದ್ದರೂ ಮಕ್ಕಳಿಗೆ ಪುರುಸೊತ್ತಿರಲಿಲ್ಲ. ಆರೇಳು ವರ್ಷದ ಹುಡುಗ ದನ ಕಾಯಬೇಕು. ಹುಡುಗಿ ತಮ್ಮನನ್ನು ಎತ್ತಿಕೊಳ್ಳಬೇಕು. ಇಲ್ಲಿ ಇವರು ಕಂಡುಕೊಂಡ ದಾರಿ ಎರಡು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ. ಮರಾಠಿಯಲ್ಲಿ ‘ಕುರಣ’ ಎಂದರೆ ನಮ್ಮ ಕಡೆಯ ಕಾವಲು. ‘ಕುರಣಶಾಲೆ’ ಎಂದು ಹೆಸರಿಟ್ಟರು. ದನ ಮೇಯುತ್ತಿರುತ್ತವೆ, ಮೇಷ್ಟ್ರು ಅಲ್ಲಿಗೇ ಹೋಗುತ್ತಾರೆ, ಮರದ ನೆರಳಲ್ಲಿ ಲೆಕ್ಕ, ಓದು, ಹಾಡು. ಹುಡುಗಿಯರಿಗೆ ಇನ್ನೊಂದು ಏರ್ಪಾಡು: ಕೂಸುಗಳ ಪಾಲನಾಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿ ‘ವಿಕಾಸವಾಡಿ’ ಎಂದರು. ಅಕ್ಕ ಬಂದಳೆಂದರೆ ಸೊಂಟದ ಮೇಲಿನ ಕೂಸು ಪಾಲನಾಗೃಹಕ್ಕೆ, ಬೆರಳು ಹಿಡಿದ ತಂಗಿ ಬಾಲವಾಡಿಗೆ, ತಾನು ತರಗತಿಗೆ. ಕೂಸಿಗೆ ಹಸಿವಾದರೆ ಅಕ್ಕ ಪಕ್ಕದಲ್ಲೇ ಇದ್ದಾಳೆ. ಹೆಣ್ಣುಮಗು ಯಾಕೆ ಶಾಲೆಗೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಯಾವ ವರದಿಯಲ್ಲೂ ಓದಿಲ್ಲ.

ಇದು ನನ್ನ ಮನಸ್ಸಿಗೆ ಇಷ್ಟು ನಾಟಲು ಕಾರಣವಿದೆ. ನನ್ನ ನೌಕರಿಯ ಮೊದಲ ವರ್ಷಗಳು ಒಂದು ಲಂಬಾಣಿ ತಾಂಡಾದ ಶಾಲೆಯಲ್ಲಿ ಕಳೆದವು. ಒಂದನೆಯ ತರಗತಿಯ ಪುಸ್ತಕದಲ್ಲಿ ನೀರು, ರೊಟ್ಟಿ. ಮಗುವಿನ ಮನೆಯಲ್ಲಿ ಪಾಣಿ, ಬಾಟಿ. ಮೂರು ತಿಂಗಳು ಆ ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತಿದ್ದವು. ಅಕ್ಷರ ಬರದ ಅವರ ಅಜ್ಜಿಯೊಬ್ಬಳು ದಿನಾ ಸಂಜೆ ನನಗೆ ನಾಲ್ಕು ಲಂಬಾಣಿ ಮಾತು ಕಲಿಸಿದಳು. ಆಮೇಲೆ ಮಕ್ಕಳ ಬಾಯಿಗೆ ಕನ್ನಡ ಬಂತು. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿ ವರ್ಷದ ಕೂಸನ್ನು ಎತ್ತಿಕೊಂಡೇ ಬರುತ್ತಿದ್ದಳು. ಕೂಸು ನನ್ನ ಮೇಜಿನ ಕೆಳಗೆ ಮಲಗುತ್ತಿತ್ತು. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಕೂಸನ್ನು ನೋಡಿ ‘ಏನ್ರೀ ಅಕ್ಕಾರ, ಇದು ಸಾಲೀನೋ ತೊಟ್ಟಿಲ ಮನೀನೋ?’ ಎಂದರು. ‘ಎರಡೂ ಐತ್ರಿ ಸರ್. ಕೂಸಿನ್ನ ಬ್ಯಾಡಂದ್ರ ಅಕ್ಕನೂ ಬರೂದಿಲ್ರಿ’ ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ, ಸಹಿ ಮಾಡಿ ಹೋದರು. ದಸರೆಯ ನಂತರ ಅರ್ಧ ತಾಂಡಾ ಕಬ್ಬು ಕಡಿಯಲು ಊರು ಬಿಡುತ್ತಿತ್ತು, ಮಕ್ಕಳೂ ಹೋಗುತ್ತಿದ್ದವು. ನಮ್ಮ ಶಾಲೆಯ ಪಂಚಾಂಗ ಜೂನ್‌ನಿಂದ, ಅವರ ಪಂಚಾಂಗ ಕಬ್ಬಿನಿಂದ. ಅಲ್ಲಿ ನಮಗೊಂದು ಕುರಣಶಾಲೆ ಬೇಕಾಗಿತ್ತು, ಯಾರೂ ಕೊಡಲಿಲ್ಲ.

ಹಾಗೆಂದು ತಾರಾಬಾಯಿ, ಅನುತಾಯಿ ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಜಾಗ ಬದಲಾಯಿಸಿದರು, ಹೊತ್ತು ಬದಲಾಯಿಸಿದರು, ಆಟದ ಸಾಮಾನು ಬದಲಾಯಿಸಿದರು, ಅಲ್ಲಿಯ ಹಾಡು ಕುಣಿತಗಳನ್ನು ಒಳಗೆ ಕರೆದುಕೊಂಡರು. ಆದರೆ ಮಗುವನ್ನು ಹೊಡೆಯಕೂಡದು ಎಂಬುದನ್ನು ಬಿಟ್ಟುಕೊಡಲಿಲ್ಲ. ಕೊಳೆಯನ್ನು ‘ಅದು ಅವರ ಸಂಸ್ಕೃತಿ’ ಎಂದು ಬಿಡಲಿಲ್ಲ. ಹೆಣ್ಣುಮಗುವಿಗೆ ಓದು ಯಾಕೆ ಎಂದವರ ಮುಂದೆ ಹಿಂದೆ ಸರಿಯಲಿಲ್ಲ. ಮಾಂಟೆಸ್ಸರಿಯಿಂದ ಅವರು ಉಳಿಸಿಕೊಂಡದ್ದು ಮರದ ಘನಗಳನ್ನಲ್ಲ, ಮಗುವಿನ ಮೇಲಿನ ಆ ಗೌರವವನ್ನು. ಯಾವುದು ಹೊಟ್ಟು, ಯಾವುದು ಕಾಳು ಎಂದು ಕೇರಿ ನೋಡುವುದು ಮೊರ ಹಿಡಿದ ಕೈಗೆ ಗೊತ್ತಿರುತ್ತದೆ. ಅವರಿಬ್ಬರದು ಅಂಥ ಕೈ. 1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಬಂತು. 1973ರಲ್ಲಿ ಅವರು ತೀರಿಕೊಂಡ ಮೇಲೆ ಅನುತಾಯಿ ಆ ಗುಡ್ಡವನ್ನು ಬಿಡದೆ ಕೆಲಸ ಮುಂದುವರಿಸಿದರು, 1992ರವರೆಗೆ ಬದುಕಿದ್ದರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ‘ಸಮಗ್ರ ಶಿಶು ಅಭಿವೃದ್ಧಿ ಯೋಜನೆ’ಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಕೊಟ್ಟ ಹೆಸರು ಅಂಗನವಾಡಿ. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ, 100 ಕೇಂದ್ರಗಳೊಡನೆ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದವಾಖಾನೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂದು ಆರು ಕೆಲಸ. ಹೆಸರು ಕೋಸಬಾಡದ ಕಡೆಯದು, ಲೆಕ್ಕದ ಪುಸ್ತಕ ದೆಹಲಿಯದು. ಅಂಗಳ ಹೋಗಿ ಕೋಣೆ ಬಂತು, ಕೋಣೆಯ ಜೊತೆ ರಿಜಿಸ್ಟರುಗಳು ಬಂದವು. ನಾನು ಇದನ್ನು ಹಳಿಯಲು ಹೇಳುತ್ತಿಲ್ಲ. ಒಂದು ಗುಡ್ಡದ ಮೇಲೆ ಇಬ್ಬರು ಹೆಂಗಸರು ಮಾಡಿದ್ದನ್ನು ದೇಶಕ್ಕೆಲ್ಲ ಹಂಚಬೇಕಾದರೆ ರಿಜಿಸ್ಟರು ಬೇಕೇಬೇಕು. ಈ ಯೋಜನೆ ಎಷ್ಟು ಕೂಸುಗಳ ಹೊಟ್ಟೆಗೆ ಆಧಾರವಾಗಿದೆಯೆಂದು ಬಡವರ ಓಣಿಯಲ್ಲಿ ಕೇಳಿ ನೋಡಿ.

ಸರ್ಕಾರ ಮಾಡದ ಹೊಂದಾಣಿಕೆಯನ್ನು ಎಷ್ಟೋ ಸಲ ಒಲೆಯ ಮುಂದಿನವರು ಮಾಡಿದ್ದಾರೆ. ನನ್ನ ಓರಗೆಯವರಿಗೆ ಶಾಲೆಯ ಹಳದಿ ಉಪ್ಪಿಟ್ಟು ನೆನಪಿದ್ದೀತು, ಕೇರ್ ಉಪ್ಪಿಟ್ಟು ಎನ್ನುತ್ತಿದ್ದೆವು. ಅಮೆರಿಕದಿಂದ ಚೀಲಗಳಲ್ಲಿ ಬಂದ ಹಿಟ್ಟು, ರವೆ. ಅದನ್ನು ಅಂಬಲಿಯಂತೆ ಕುದಿಸಿ ಕುಡಿಸಿದ್ದರೆ ನಾವು ಬಾಯಿ ತೆರೆಯುತ್ತಿರಲಿಲ್ಲ. ಅಡುಗೆಯ ಆಯಿ ಅದಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟಳು. ಅಮೆರಿಕದ ಧಾನ್ಯ ಆ ಒಂದು ಚಮಚ ಎಣ್ಣೆಯಲ್ಲಿ ನಮ್ಮದಾಯಿತು. ಯಾವ ತಜ್ಞರ ಸಮಿತಿಯೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಈಚಿನದೊಂದು ಉದಾಹರಣೆ ಕೊಡುತ್ತೇನೆ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ‘ಮಾತೃಪೂರ್ಣ’ ಆರಂಭವಾಯಿತು. ಗರ್ಭಿಣಿಯರೂ, ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರೂ ಅಂಗನವಾಡಿಗೆ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕು: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಆಂಧ್ರ, ತೆಲಂಗಾಣಗಳಲ್ಲಿ ನಡೆದು ಬಂದ ಏರ್ಪಾಡು. ಅಲ್ಲೇ ಕುಳಿತು ಉಣ್ಣಬೇಕೆಂಬುದರ ಹಿಂದೆ ಒಳ್ಳೆಯ ತಿಳಿವಳಿಕೆಯಿದೆ. ಮನೆಗೆ ಒಯ್ದರೆ ಆ ಮೊಟ್ಟೆ ಗಂಡನ ತಟ್ಟೆಗೋ ಮೈದುನನ ತಟ್ಟೆಗೋ ಹೋಗುತ್ತದೆ, ಬಸುರಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಾಳೆ. ಇದು ಸುಳ್ಳೆಂದು ನಮ್ಮಲ್ಲಿ ಯಾರು ಹೇಳಿಯಾರು? ಆದರೆ ತಲೆಗೆ ಕುಲಾವಿ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಬಿಸಿನೀರು ಬೆಂಕಿಯ ಕಾವಿನಲ್ಲಿ ಕೂತ ಹಸಿ ಬಾಣಂತಿ ಹೊಸ್ತಿಲು ದಾಟಿ, ಬಿಸಿಲಲ್ಲಿ ನಡೆದು ಅಂಗನವಾಡಿಗೆ ಹೋಗುವುದುಂಟೇ? ಯಾವ ಅತ್ತೆ ಬಿಟ್ಟಾಳು? ಯಾವ ತಾಯಿ ಬಿಟ್ಟಾಳು? ನಮ್ಮ ಓಣಿಯ ಬಾಣಂತಿಯರ ತಟ್ಟೆಗಳು ಖಾಲಿ ಉಳಿದವು.

ನಮ್ಮ ಅಂಗನವಾಡಿಯ ಟೀಚರ್ ಜಾಣೆ. ಜಗಳಕ್ಕೆ ಹೋಗಲಿಲ್ಲ. ಮೊದಲ ತಿಂಗಳುಗಳಲ್ಲಿ ಡಬ್ಬಿ ತರುವಂತೆ ಅತ್ತೆಯಂದಿರಿಗೇ ಹೇಳಿದಳು. ಅದನ್ನು ತುಂಬುವಾಗ ಪ್ರತಿದಿನವೂ ‘ಯಲ್ಲವ್ವಾರ, ಈ ತತ್ತಿ ನಿಮ್ಮ ಮೊಮ್ಮಗನ ಹಾಲಿಗೆ ಐತಿ, ನೋಡ್ರಿ ಮತ್ತ’ ಎನ್ನುವಳು. ಸೊಸೆಗೆಂದರೆ ಹಂಚಿಹೋಗುವ ಮೊಟ್ಟೆ ಮೊಮ್ಮಗನಿಗೆಂದರೆ ನೇರ ಬಾಣಂತಿಯ ತಟ್ಟೆಗೆ ಬೀಳುತ್ತಿತ್ತು. ಸೊಸೆಯ ಹೊಟ್ಟೆಗೆ ಮೊಮ್ಮಗನ ಹೆಸರು ಹಚ್ಚಬೇಕಾಯಿತಲ್ಲ ಎಂದು ನನಗೆ ಸಂಕಟವಾಗುತ್ತದೆ. ಅವಳನ್ನು ಕೇಳಿದೆ. ‘ಮೊದಲು ಹೊಟ್ಟಿಗಿ ಹೋಗಲಿ ಬಿಡ್ರಿ ಅಕ್ಕಾರ, ನ್ಯಾಯದ ಮಾತು ಆಮ್ಯಾಲೆ ಆಡೂಣು’ ಎಂದಳು. ಐದನೆಯ ತಿಂಗಳಿಗೆ ಆ ಸೊಸೆಯಂದಿರು ಕೂಸನ್ನೆತ್ತಿಕೊಂಡು ತಾವೇ ಬಂದು ಕುಳಿತು ಉಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಪೇಟೆಯ ಸಂಸ್ಕೃತಿಯೇ ಬೇರೆಯಾಗಿದೆ. ಟೈ ಕಟ್ಟಿದ ಮಗು, ಆಟೋದಲ್ಲಿ ಹೋಗುವ ಮಗು, ಮೂರು ವರ್ಷಕ್ಕೇ ಇಂಗ್ಲಿಷ್ ಅಕ್ಷರ ಒಪ್ಪಿಸುವ ಮಗು ತಾಯಂದಿರಿಗೆ ಬೇಕು. ಅನ್ನ ಮೊಟ್ಟೆಗಳಿಗೆ ಅಂಗನವಾಡಿ, ಓದಿಗೆ ಕಾನ್ವೆಂಟು ಎಂದಾಗಿ ಅಂಗನವಾಡಿಯ ಚಾಪೆ ಖಾಲಿಯಾಗುತ್ತ ಬಂತು. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿ ‘ಸರ್ಕಾರಿ ಮಾಂಟೆಸ್ಸರಿ’ ಎಂದು ಕರೆದರು. ಪತ್ರಿಕೆಯಲ್ಲಿ ಓದಿದಾಗ ನಾನು ಒಬ್ಬಳೇ ನಕ್ಕೆ. ರೋಮ್‌ನಿಂದ ಹೊರಟು ಭಾವನಗರ, ಬೋರ್ಡಿ, ಕೋಸಬಾಡ ಎಂದು ಅಂಗಳಕ್ಕೆ ಇಳಿದು ಬಂದದ್ದು ಮತ್ತೆ ಹಳೆಯ ಹೆಸರು ಹಚ್ಚಿಕೊಂಡು ಹೊರಟಿದೆ! ಇದೂ ಜನರ ಮನಸ್ಸಿಗೆ ತಕ್ಕಂತೆ ಮಾಡಿದ್ದೇ ತಾನೇ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನಲಾರೆ. ಜನ ಕೇಳಿದ್ದು ಇದನ್ನೇ. ಆದರೆ ಆ ಹೆಸರಿನ ಕೆಳಗೆ ಮೂರು ವರ್ಷದ ಕೂಸನ್ನು ಬೆಂಚಿನ ಮೇಲೆ ಕೂರಿಸಿ, ಬೆರಳಿಗೆ ಪೆನ್ಸಿಲ್ ತುರುಕುತ್ತಾರೋ, ಕತೆ ಹೇಳಿ ಮಣ್ಣಲ್ಲಿ ಆಡಿಸುತ್ತಾರೋ ಎಂಬುದರ ಮೇಲೆ ನನ್ನ ಕಣ್ಣು.

ಪಕ್ಕದ ಮನೆಯ ಹುಡುಗಿ ಮೊನ್ನೆ ನನ್ನ ಸಲಹೆ ಕೇಳಲು ಬಂದಿದ್ದಳು. ಗಂಡನದು ಗ್ಯಾರೇಜಿನಲ್ಲಿ ಕೆಲಸ, ಇವಳು ಹೊಲಿಗೆ ಹಾಕುತ್ತಾಳೆ. ಮಗನಿಗೆ ಮೂರು ತುಂಬಿದೆ. ಕಾನ್ವೆಂಟಿನ ಫೀಜು ಕಟ್ಟಲು ಬೋರಮಾಳ ಸರವನ್ನು ಒತ್ತೆ ಇಡಲೇ ಎಂದು ಕೇಳಿದಳು. ಅಂಗನವಾಡಿಗೆ ಒಂದು ವಾರ ಕಳಿಸು, ನೀನೂ ಹೋಗಿ ಒಂದು ತಾಸು ಮೂಲೆಯಲ್ಲಿ ಕುಳಿತು ನೋಡು, ಟೀಚರ್ ಕತೆ ಹೇಳುತ್ತಾಳೋ ಇಲ್ಲವೋ, ನಿನ್ನ ಮಗ ನಗುತ್ತಾನೋ ಇಲ್ಲವೋ, ಆಮೇಲೆ ಸರದ ಮಾತಾಡೋಣ ಎಂದೆ. ‘ನಮ್ಮನ್ನ ಒಳಗ ಕೂಡಸ್ತಾರೇನ್ರಿ?’ ಎಂದಳು.